ನಡು ಉಬ್ಬದ, ಮೂಲೆ ತಿರುಚದ ಕೌದಿ: ಬಟ್ಟೆ ಒಗೆಯುವುದರಿಂದ ಅಂಚುಪಟ್ಟಿಯವರೆಗೆ

ತುಮಕೂರಿನ ನಮ್ಮ ಮನೆಗೆ ಹೊಲಿಗೆ ಕೇಳಲು ಬರುವವರು ಅರ್ಧಕ್ಕೆ ನಿಂತ ಕೌದಿಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ಗುಬ್ಬಿಯಿಂದ ಬಂದದ್ದಿರಲಿ, ಶಿರಾದಿಂದ ಬಂದದ್ದಿರಲಿ, ಬಿಚ್ಚಿ ನೆಲಕ್ಕೆ ಹಾಸಿದರೆ ದೋಷ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ನಡುಭಾಗ ಪೂರಿಯಂತೆ ಉಬ್ಬಿರುತ್ತದೆ, ಹಿಂಬದಿಯ ಬಟ್ಟೆಯ ಮಡಿಕೆಗಳು ಹೊಲಿಗೆಯೊಳಗೆ ಸಿಕ್ಕಿಕೊಂಡಿರುತ್ತವೆ, ಒಂದು ಮೂಲೆಯಾದರೂ ಎಳೆದುಕೊಂಡಿರುತ್ತದೆ. “ಹೊಲಿಗೆ ನೆಟ್ಟಗೇ ಹಾಕಿದ್ದೆ ಅಕ್ಕಾ” ಎಂದು ಅವರು ಹೇಳುವುದು ಸುಳ್ಳಲ್ಲ. ಹೊಲಿಗೆ ನೆಟ್ಟಗೇ ಇರುತ್ತದೆ. ಯಾವುದನ್ನು ಮೊದಲು ಮಾಡಬೇಕಿತ್ತೋ ಅದು ಆಮೇಲೆ ಆಗಿರುತ್ತದೆ.

ಸದ್ಯ ನನ್ನ ಕೈಯಲ್ಲಿ ಮೂರು ಕೆಲಸಗಳಿವೆ: ತಂಗಿಯ ಮೊಮ್ಮಗುವಿಗೆ 40×50 ಅಂಗುಲದ ಪುಟ್ಟ ಕೌದಿ, ಹಾಸ್ಟೆಲ್ಲಿಗೆ ಹೋಗುವ ಮಗನಿಗೆ ಹಳೆಯ ಅಂಗಿಗಳಿಂದ 60×90 ಅಂಗುಲದ ಒಂಟಿ ಮಂಚದ ಕೌದಿ, ಮತ್ತು ನಮ್ಮತ್ತೆಯ ರೇಷ್ಮೆ ಸೀರೆಯ ಚೂರುಗಳಿಂದ ಒಂದು ಗೋಡೆಪಟ. ಈ ಮಾರ್ಗದರ್ಶಿಯ ಲೆಕ್ಕಗಳೆಲ್ಲ ಎರಡನೆಯದನ್ನು, ಅಂದರೆ 60×90 ಅಂಗುಲದ್ದನ್ನು, ಆಧಾರವಾಗಿಟ್ಟುಕೊಂಡಿವೆ.

ಬೇಕಾದ ಸಲಕರಣೆಗಳು

ಬಟ್ಟೆಗೆಂದೇ ಮೀಸಲಾದ, 9 ಅಥವಾ 10 ಅಂಗುಲದ ಒಂದು ಕತ್ತರಿ ಬೇಕು. ಅದರಲ್ಲಿ ಕಾಗದವನ್ನಾಗಲಿ ಹಾಲಿನ ಪ್ಯಾಕೆಟ್ಟನ್ನಾಗಲಿ ಕತ್ತರಿಸಬಾರದು. ನಮ್ಮ ಮನೆಯಲ್ಲಿ ಅದರ ಹಿಡಿಗೆ ಕೆಂಪು ದಾರ ಕಟ್ಟಿಟ್ಟಿರುವುದು ಈ ಕಾರಣಕ್ಕೇ. ಅಳತೆಗೆ ಬಟ್ಟೆಯ ಟೇಪು ಸಾಲದು, ಏಕೆಂದರೆ ಹಳೆಯ ಟೇಪು ಹಿಗ್ಗಿರುತ್ತದೆ. ಉದ್ದನೆಯ ಸ್ಟೀಲ್ ಸ್ಕೇಲು ಒಂದಿದ್ದರೆ ಟೇಪು ಎಷ್ಟು ಹಿಗ್ಗಿದೆ ಎಂಬುದನ್ನೂ ಅದರ ಮೇಲಿಟ್ಟು ನೋಡಬಹುದು.

ನನಗೆ ಬಹಳ ಪ್ರಿಯವಾದ ಸಲಕರಣೆಯೆಂದರೆ ಹಳೆಯ ಎಕ್ಸ್‌ರೇ ಹಾಳೆಯಿಂದ ಕತ್ತರಿಸಿಕೊಂಡ ಅಚ್ಚು. ರಟ್ಟಿನ ಅಚ್ಚಿನ ಅಂಚು ಇಪ್ಪತ್ತು ಚೌಕ ಗುರುತು ಹಾಕುವಷ್ಟರಲ್ಲಿ ಸವೆಯುತ್ತದೆ, ಹಾಗಾಗಿ ಮೊದಲನೆಯ ಚೌಕಕ್ಕೂ ನೂರನೆಯ ಚೌಕಕ್ಕೂ ಅಳತೆ ಹೊಂದುವುದಿಲ್ಲ. ಎಕ್ಸ್‌ರೇ ಹಾಳೆ ಸವೆಯುವುದು ತೀರ ಕಡಿಮೆ, ಜೊತೆಗೆ ಅದರ ಮೂಲಕ ಬಟ್ಟೆಯ ಹೂವು ಎಲ್ಲಿ ಬರುತ್ತದೆ ಎಂಬುದೂ ಮಸುಕಾಗಿ ಕಾಣುತ್ತದೆ. ಗುರುತಿಗೆ ಸವೆದು ತೆಳ್ಳಗಾದ ಸೋಪಿನ ಚೂರು ಅಥವಾ ಚೂಪಾದ ಪೆನ್ಸಿಲ್ ಸಾಕು. ಬಾಲ್ ಪೆನ್ನು ಬೇಡವೇ ಬೇಡ.

ಹೊಲಿಗೆ ಯಂತ್ರಕ್ಕೆ 14 ಮತ್ತು 16 ನಂಬರಿನ ಸೂಜಿಗಳು, ಕೈಹೊಲಿಗೆಗೆ ದಪ್ಪ ದಾರ ಹಿಡಿಯುವಷ್ಟು ಕಣ್ಣಿರುವ ಗಟ್ಟಿ ಸೂಜಿಗಳು, ಹೊಲಿಗೆ ಬಿಚ್ಚುವ ಕೊಕ್ಕೆ, ತುಕ್ಕು ಹಿಡಿಯದ ಸೇಫ್ಟಿ ಪಿನ್ನುಗಳು, ನಡುಬೆರಳಿಗೆ ಹಾಕುವ ಲೋಹದ ಥಿಂಬಲ್, ಒಂದು ತುಂಡು ಜೇನುಮೇಣ ಇಷ್ಟು ಜೊತೆಗಿರಲಿ. ಜೇನುಮೇಣಕ್ಕೆ ಬದಲಾಗಿ ಮೇಣದಬತ್ತಿಗೆ ದಾರ ಉಜ್ಜುವವರಿದ್ದಾರೆ. ಇಸ್ತ್ರಿ ಮಾಡಿದಾಗ ಆ ಮೇಣ ಕರಗಿ ಬಟ್ಟೆಯಲ್ಲಿ ಎಣ್ಣೆ ಚುಕ್ಕೆಯಂಥ ಕಲೆ ಬಿಡುತ್ತದೆ. ನೆಲಕ್ಕೆ ಬಿದ್ದ ಸೂಜಿ ಹುಡುಕಲು ಕೆಟ್ಟ ಸ್ಪೀಕರಿನಿಂದ ತೆಗೆದ ಆಯಸ್ಕಾಂತವೊಂದನ್ನು ಇಟ್ಟುಕೊಂಡಿದ್ದೇನೆ. ಮಕ್ಕಳು ತೆವಳಾಡುವ ಮನೆಯಲ್ಲಿ ಅದು ಇರಲೇಬೇಕು.

ಹಂತ 1: ಬಟ್ಟೆಯ ಆಯ್ಕೆ ಮತ್ತು ಮೊದಲ ಒಗೆತ

ಹಳೆಯ ಹತ್ತಿ ಸೀರೆ, ಪಂಚೆ, ಅಂಗಿ ಇವು ಆಗಲೇ ಕುಗ್ಗಿ ನಿಂತ ಬಟ್ಟೆಗಳು. ಮಂಡಿಪೇಟೆಯಿಂದ ತಂದ ಹೊಸ ಕಟ್‌ಪೀಸ್ ಹಾಗಲ್ಲ; ಹೊಸ ಹತ್ತಿ ಬಟ್ಟೆ ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ. ಹಳೆಯ ಸೀರೆಯ ಒಳಪದರದ ಮೇಲೆ ಒಗೆಯದ ಹೊಸ ಬಟ್ಟೆಯನ್ನು ಹೊಲಿದುಬಿಟ್ಟರೆ, ಮೊದಲ ಒಗೆತದಲ್ಲಿ 90 ಅಂಗುಲದ ಮೇಲ್ಪದರ ನೂರಕ್ಕೆ 3ರ ಲೆಕ್ಕದಲ್ಲಿಯೂ ಸುಮಾರು 2.7 ಅಂಗುಲ ಕುಗ್ಗುತ್ತದೆ, ಒಳಗಿನ ಸೀರೆ ಮಾತ್ರ ಇದ್ದಷ್ಟೇ ಇರುತ್ತದೆ, ಮತ್ತು ಆ ಹೆಚ್ಚುವರಿ ಬಟ್ಟೆಗೆ ಸುಕ್ಕಾಗದೆ ಬೇರೆ ದಾರಿಯಿರುವುದಿಲ್ಲ. ಆದ್ದರಿಂದ ಹೊಸದು ಹಳೆಯದು ಎನ್ನದೆ ಎಲ್ಲವನ್ನೂ ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಅಳತೆಗೆ ಕೂರಬೇಕು.

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಬಟ್ಟೆಯೊಳಗೆ ಬಿಳಿ ಪುಡಿಯಂತೆ ಉಳಿಯುತ್ತದೆ. ಅಂಥ ಬಟ್ಟೆ ಗರಿಗರಿಯಾಗಿದ್ದು ಸೂಜಿಗೆ ಸಲೀಸಾಗಿ ದಾರಿ ಕೊಡುವುದಿಲ್ಲ. ಸೋಪನ್ನು ಕಡಿಮೆ ಹಾಕಿ, ಒಂದು ಸಲ ಹೆಚ್ಚು ಜಾಲಿಸಬೇಕು. ಮಳೆನೀರು ಹಿಡಿದಿಟ್ಟವರು ಕೊನೆಯ ಜಾಲಿಕೆಗೆ ಅದನ್ನೇ ಬಳಸಬಹುದು.

ಬಣ್ಣ ಬಿಡುವ ಪರೀಕ್ಷೆಯನ್ನು ಪ್ರತಿ ಬಟ್ಟೆಗೂ ಮಾಡಬೇಕು, ಅದರಲ್ಲೂ ಕೆಂಪು, ಕಡುನೀಲಿ, ಕಪ್ಪು ಬಟ್ಟೆಗಳನ್ನು ಬಿಡಲೇಬಾರದು. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿದಾಗ ಬಣ್ಣ ಹತ್ತಿದರೆ ಮತ್ತೆ ಒಗೆದು ನೋಡಬೇಕು. ಮೂರನೆಯ ಒಗೆತದ ನಂತರವೂ ಹತ್ತಿದರೆ ಆ ಬಟ್ಟೆ ಕೌದಿಗೆ ಬೇಡ.

ಅಪಾಯದ ಸೂಚನೆ: ಹಳೆಯ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಮಡಿಕೆಯ ಗೆರೆಗಳಲ್ಲಿ ಬೆಳಕು ತೂರಿ ಬಂದರೆ, ಅಥವಾ ಎರಡೂ ಕೈಯಲ್ಲಿ ಹಿಡಿದು ಎಳೆದಾಗ ಪರ್ ಎಂದು ಸದ್ದು ಕೇಳಿದರೆ ಆ ಭಾಗವನ್ನು ಕತ್ತರಿಸಿ ಬಿಡಬೇಕು. ರೇಷ್ಮೆ ಸೀರೆಗಳು ವರ್ಷಾನುಗಟ್ಟಲೆ ಒಂದೇ ಮಡಿಕೆಯಲ್ಲಿದ್ದು ಅಲ್ಲಿಯೇ ಸೀಳುತ್ತವೆ. ಜರಿಯಿರುವ ಭಾಗವನ್ನು ಹೊದೆಯುವ ಕೌದಿಗೆ ಹಾಕಬಾರದು, ಅದು ಮೈಗೆ ಗೀರುತ್ತದೆ. ಅತ್ತೆಯ ಸೀರೆ ಗೋಡೆಪಟವಾಗುತ್ತಿರುವುದು ಇದೇ ಕಾರಣದಿಂದ.

ಹಂತ 2: ಲೆಕ್ಕ

60×90 ಅಂಗುಲದ ಮೇಲ್ಪದರಕ್ಕೆ 6 ಅಂಗುಲದ ಚೌಕಗಳಾದರೆ ಅಗಲಕ್ಕೆ 10, ಉದ್ದಕ್ಕೆ 15, ಒಟ್ಟು 150 ಬೇಕು. ನಾಲ್ಕೂ ಬದಿಗೆ ಕಾಲು ಅಂಗುಲ ಹೊಲಿಗೆಗೆ ಬಿಡಬೇಕಾದ್ದರಿಂದ ಪ್ರತಿ ಚೌಕವನ್ನು 6.5 ಅಂಗುಲಕ್ಕೆ ಕತ್ತರಿಸಬೇಕು.

ಹಿಂಬದಿಯ ಬಟ್ಟೆ ನಾಲ್ಕೂ ಕಡೆ 3 ಅಂಗುಲ ಹೆಚ್ಚಿರಲಿ, ಅಂದರೆ 66×96. ಸೀರೆಯ ಅಗಲ ಸುಮಾರು 45 ಅಂಗುಲ, ಉದ್ದ 5.5 ಮೀಟರ್, ಎಂದರೆ ಸುಮಾರು 216 ಅಂಗುಲ. ಅದರಲ್ಲಿ 96 ಅಂಗುಲದ ಎರಡು ತುಂಡುಗಳು ಸಿಗುತ್ತವೆ. ಇವನ್ನು ಹಾಗೆಯೇ ಪಕ್ಕಪಕ್ಕ ಜೋಡಿಸಿ ಅಗಲಕ್ಕೆ ಕತ್ತರಿಸಿದರೆ ಜೋಡಣೆಯ ಗೆರೆ ಕೌದಿಯ ನಡುವಿಗೆ ಹತ್ತಿರ ಬರುತ್ತದೆ. ದಿನವೂ ಮಡಚುವುದು ಅಲ್ಲಿಯೇ ಆದ್ದರಿಂದ ಆ ಹೊಲಿಗೆ ಬೇಗ ಸವೆಯುತ್ತದೆ. ಒಂದು ತುಂಡನ್ನು ಪೂರ್ತಿ ಅಗಲದಲ್ಲಿ ನಡುವೆ ಇಟ್ಟು, ಇನ್ನೊಂದನ್ನು ಉದ್ದಕ್ಕೆ ಸೀಳಿ ಎಡಬಲಕ್ಕೆ ಜೋಡಿಸುವುದು ಮೇಲು. ಬಿಗಿಯಾಗಿ ನೇಯ್ದ ಅಂಚನ್ನು ಮಾತ್ರ ಮೊದಲೇ ಕತ್ತರಿಸಿ ತೆಗೆಯಬೇಕು, ಇಲ್ಲವಾದರೆ ಜೋಡಣೆಯ ಉದ್ದಕ್ಕೂ ಬಟ್ಟೆ ಎಳೆದುಕೊಳ್ಳುತ್ತದೆ.

ಒಳಪದರಕ್ಕೆ ಹಳೆಯ ಹತ್ತಿ ಸೀರೆಯ ಎರಡು ಪದರ ಸಾಕು. ನಮ್ಮ ಊರಿನ ಡಿಸೆಂಬರ್ ಚಳಿಗೆ ಮೂರು ಹಾಕಬಹುದು, ಆದರೆ ಒದ್ದೆ ಕೌದಿಯನ್ನು ಹಿಂಡಿ ಎತ್ತುವವರು ಯಾರು ಎಂಬುದನ್ನು ಆಗಲೇ ಯೋಚಿಸಿಕೊಳ್ಳಬೇಕು. ಹಾಸಿಗೆ ಅಂಗಡಿಯ ಬಿಡಿ ಹತ್ತಿಯನ್ನು ತುಂಬುವುದು ಬೇಡ. ಹೊಲಿಗೆಯ ಗೆರೆಗಳು ಬಹಳ ಒತ್ತಾಗಿರದಿದ್ದರೆ ಒಂದೆರಡು ಒಗೆತದಲ್ಲಿ ಅದು ಗಂಟುಗಂಟಾಗಿ ಮೂಲೆ ಸೇರುತ್ತದೆ.

ಹಂತ 3: ಕತ್ತರಿಸುವುದು

ಹಾಸು ಮತ್ತು ಹೊಕ್ಕಿನ, ಅಂದರೆ ಬಟ್ಟೆಯ ಉದ್ದ ಮತ್ತು ಅಡ್ಡ, ಎಳೆಗಳಿಗೆ ಸಮನಾಗಿ ಅಚ್ಚನ್ನು ಇಡಬೇಕು. ಓರೆಯಾಗಿ ಇಟ್ಟು ಕತ್ತರಿಸಿದ ಚೌಕ ಕೈಯಲ್ಲಿ ಹಿಡಿದಾಗಲೇ ರಬ್ಬರಿನಂತೆ ಹಿಗ್ಗುತ್ತದೆ, ಮತ್ತು ಅಂಥ ಹತ್ತು ಚೌಕಗಳಿದ್ದರೆ ಇಡೀ ಸಾಲು ಹಾವಿನಂತೆ ಅಲೆಯುತ್ತದೆ. ಎಳೆ ಕಾಣದ ಬಟ್ಟೆಯಲ್ಲಿ ಒಂದು ದಾರವನ್ನು ಸೂಜಿಯಿಂದ ಎಬ್ಬಿಸಿ ಎಳೆದರೆ ಉಳಿಯುವ ಸಣ್ಣ ಗೆರೆಯೇ ದಿಕ್ಕು ತೋರಿಸುತ್ತದೆ. ಒಂದೇ ಸಲ ನಾಲ್ಕು ಪದರಕ್ಕಿಂತ ಹೆಚ್ಚು ಕತ್ತರಿಸಬಾರದು. ಕತ್ತರಿಯ ಅಲಗಿನಡಿ ಕೆಳಗಿನ ಪದರ ಜಾರುತ್ತದೆ.

ಹಂತ 4: ಚೌಕಗಳ ಜೋಡಣೆ

ಟೈಲರಿಂಗ್ ಕಲಿತವರು ಎಡವುವುದು ಇಲ್ಲಿ. ರವಿಕೆಗೆ ಅರ್ಧ ಅಂಗುಲ, ಒಂದು ಅಂಗುಲ ಬಿಟ್ಟು ಹೊಲಿದು ರೂಢಿಯಾದ ಕೈ ಕಾಲು ಅಂಗುಲಕ್ಕೆ ಒಗ್ಗುವುದಿಲ್ಲ. ಪ್ರತಿ ಜೋಡಣೆಯಲ್ಲೂ ಕಾಲು ಅಂಗುಲದ ಬದಲು ಅರ್ಧ ಅಂಗುಲ ಹಿಡಿದರೆ ಒಂದು ಜೋಡಣೆಗೆ ಎರಡು ಚೌಕ ಸೇರಿ ಅರ್ಧ ಅಂಗುಲ ನಷ್ಟ. ಅಗಲದ 9 ಜೋಡಣೆಗೆ 4.5 ಅಂಗುಲ, ಉದ್ದದ 14 ಜೋಡಣೆಗೆ 7 ಅಂಗುಲ ಹೋಗುತ್ತದೆ. ಎಲ್ಲ ಸಾಲುಗಳಲ್ಲೂ ಒಂದೇ ತಪ್ಪಾದರೆ ಕೌದಿ ಗಿಡ್ಡವಾಗುತ್ತದೆ, ಅಷ್ಟೆ. ಒಂದು ಸಾಲಿನಲ್ಲಿ ಕಾಲು ಅಂಗುಲ, ಮುಂದಿನದರಲ್ಲಿ ಅದಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗ ಹೆಚ್ಚು ಹಿಡಿದರೆ ಆ ಎರಡು ಸಾಲುಗಳ ಉದ್ದದಲ್ಲಿ 2.25 ಅಂಗುಲದ ವ್ಯತ್ಯಾಸ ಬಂದು, ಚಿಕ್ಕದನ್ನು ಎಳೆದು ದೊಡ್ಡದಕ್ಕೆ ಹೊಂದಿಸುವ ಕೆಲಸ ಶುರುವಾಗುತ್ತದೆ. ಉಬ್ಬಿನ ಬೀಜ ಬಿದ್ದಿರುವುದು ಆಗಲೇ.

ಪರಿಹಾರ ಸುಲಭ. ಸೂಜಿಯಿಂದ ಬಲಕ್ಕೆ ಸರಿಯಾಗಿ ಕಾಲು ಅಂಗುಲ ಅಳೆದು, ಯಂತ್ರದ ತಗಡಿನ ಮೇಲೆ ದಪ್ಪ ಟೇಪಿನ ಎರಡು ಮೂರು ಪದರ ಅಂಟಿಸಿ ಕಟ್ಟೆಯಂತೆ ಮಾಡಿಕೊಳ್ಳಬೇಕು. ಬಟ್ಟೆ ಅದಕ್ಕೆ ಒರಗಿಕೊಂಡೇ ಸಾಗುತ್ತದೆ. 14 ನಂಬರಿನ ಸೂಜಿ, ಅಂಗುಲಕ್ಕೆ 10ರಿಂದ 12 ಹೊಲಿಗೆ. ಮೊದಲು ಮೂರು ಚೌಕಗಳನ್ನಷ್ಟೇ ಜೋಡಿಸಿ, ಇಸ್ತ್ರಿ ಮಾಡಿ, ನಡುವಿನ ಚೌಕವನ್ನು ಅಳೆಯಬೇಕು. ಅದು 6 ಅಂಗುಲವಿದ್ದರೆ ಮುಂದುವರಿಯಬಹುದು, ಇಲ್ಲದಿದ್ದರೆ ಟೇಪಿನ ಕಟ್ಟೆ ಸರಿಸಬೇಕು. ಈ ಹತ್ತು ನಿಮಿಷ ಉಳಿಸಲು ಹೋಗಿ ಹತ್ತು ದಿನ ಬಿಚ್ಚಿದವರನ್ನು ನಾನು ಕಂಡಿದ್ದೇನೆ, ನಾನೂ ಬಿಚ್ಚಿದ್ದೇನೆ.

ಹೊಲಿಗೆಯ ಅಂಚುಗಳನ್ನು ಒಂದು ಸಾಲಿನಲ್ಲಿ ಎಡಕ್ಕೂ ಮುಂದಿನ ಸಾಲಿನಲ್ಲಿ ಬಲಕ್ಕೂ ಮಲಗಿಸಿ ಇಸ್ತ್ರಿ ಮಾಡಬೇಕು. ಹಾಗಾದರೆ ಎರಡು ಸಾಲು ಸೇರುವಾಗ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಚೌಕದ ಮೂಲೆಗಳು ತಾವಾಗಿಯೇ ಕೂಡುತ್ತವೆ. ಇಸ್ತ್ರಿ ಪೆಟ್ಟಿಗೆಯನ್ನು ಎಳೆದಾಡದೆ ಇಟ್ಟು, ಒತ್ತಿ, ಎತ್ತಬೇಕು.

ಹಂತ 5: ಪದರ ಹಾಸಿ ಕಚ್ಚಾ ಹೊಲಿಗೆ ಹಾಕುವುದು

ಕೌದಿ ಚೆನ್ನಾಗಿ ಬರುವುದೂ ಕೆಡುವುದೂ ಈ ಹಂತದಲ್ಲಿ. ಜನ ಬೇಗ ಮುಗಿಸಲು ನೋಡುವುದೂ ಇದನ್ನೇ.

ನೆಲವನ್ನು ಒರೆಸಿ ಒಣಗಿಸಿದ ಮೇಲೆ ಹಿಂಬದಿಯ ಬಟ್ಟೆಯನ್ನು ಒಳಮೈ ಮೇಲಾಗುವಂತೆ ಹಾಸಬೇಕು. ಮೊದಲು ಎದುರುಬದಿರು ಅಂಚುಗಳ ನಡುಭಾಗವನ್ನು, ಆಮೇಲೆ ಮೂಲೆಗಳನ್ನು ಅಗಲ ಟೇಪಿನಿಂದ ನೆಲಕ್ಕೆ ಅಂಟಿಸಬೇಕು. ಬಟ್ಟೆ ಸುಕ್ಕಿಲ್ಲದೆ ಮಲಗಿರಬೇಕೇ ಹೊರತು ತಮಟೆಯ ಚರ್ಮದಂತೆ ಬಿಗಿಯಬಾರದು. ಎಳೆದು ಅಂಟಿಸಿದ ಬಟ್ಟೆ ಟೇಪು ಕಿತ್ತ ಕೂಡಲೇ ಕುಗ್ಗಿ ಮೇಲಿನ ಪದರಗಳನ್ನೆಲ್ಲ ಸುಕ್ಕು ಮಾಡುತ್ತದೆ. ಅದರ ಮೇಲೆ ಒಳಪದರಗಳನ್ನು ಒಂದೊಂದಾಗಿ ಹಾಸಿ, ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರಿ, ಕೊನೆಗೆ ಜೋಡಿಸಿದ ಮೇಲ್ಪದರವನ್ನು ಹಾಸಬೇಕು. ಮೇಲ್ಪದರವನ್ನು ಮಂಚದ ಮೇಲಿನ ಹೊದಿಕೆ ಕೊಡವಿದಂತೆ ಕೊಡವಿ ಹಾಕದೆ, ನಾಲ್ಕಾಗಿ ಮಡಚಿ ನಡುಬಿಂದುವನ್ನು ಹೊಂದಿಸಿ, ಒಂದೊಂದೇ ಮಡಿಕೆ ಬಿಡಿಸುತ್ತ ಬರಬೇಕು. ಇನ್ನೊಬ್ಬರು ಎದುರಿಗೆ ಕುಳಿತರೆ ಕೆಲಸ ಅರ್ಧವಾಗುತ್ತದೆ.

ಪದರಗಳು ಜರುಗದಂತೆ ತಾತ್ಕಾಲಿಕವಾಗಿ ಹಾಕಿ ಕೊನೆಗೆ ಬಿಚ್ಚುವ ಕಚ್ಚಾ ಹೊಲಿಗೆಯನ್ನು ನಡುವಿನಿಂದಲೇ ಆರಂಭಿಸಬೇಕು. ಮೊದಲು ಕೂಡುಚಿಹ್ನೆಯಂತೆ ನಾಲ್ಕು ದಿಕ್ಕಿಗೆ, ಆಮೇಲೆ ನಾಲ್ಕು ಮೂಲೆಗಳಿಗೆ, ಅದಾದ ಮೇಲೆ ಅಂಗೈ ಅಗಲಕ್ಕೊಂದು ಗೆರೆಯಂತೆ ಇಡೀ ಮೈಗೆ. ಹೊಲಿಗೆ 2ರಿಂದ 3 ಅಂಗುಲ ಉದ್ದವಿರಲಿ, ಬಣ್ಣ ಬಿಡದ ಬಿಳಿ ದಾರವಿರಲಿ. ಸೇಫ್ಟಿ ಪಿನ್ನು ಬಳಸುವವರು 4 ಅಂಗುಲಕ್ಕೊಂದು ಹಾಕಬೇಕು. ಗೇಣಿಗೊಂದು ಪಿನ್ನು ಹಾಕಿ ಸಾಕೆಂದವರ ಕೌದಿಗಳೇ ನಮ್ಮ ಮನೆಗೆ ಹೆಚ್ಚು ಬರುವುದು.

ಇದೆಲ್ಲ ಮುಗಿದ ಮೇಲೆ ಟೇಪು ಕಿತ್ತು, ಕೌದಿಯನ್ನು ಮಗುಚಿ ಹಾಕಿ, ಕಣ್ಣು ಮುಚ್ಚಿಕೊಂಡು ಹಿಂಬದಿಯನ್ನು ಅಂಗೈಯಿಂದ ಸವರಿ ನೋಡಬೇಕು. ಕಣ್ಣಿಗೆ ಕಾಣದ ಮಡಿಕೆ ಕೈಗೆ ಸಿಗುತ್ತದೆ. ಸಿಕ್ಕಿದರೆ ಆ ಜಾಗದಿಂದ ಹತ್ತಿರದ ಅಂಚಿನವರೆಗೆ ಕಚ್ಚಾ ಹೊಲಿಗೆ ಬಿಚ್ಚಿ ಮತ್ತೆ ಹಾಕಬೇಕು. ‘ಹೊಲಿಯುವಾಗ ಸರಿಹೋಗುತ್ತದೆ’ ಎಂದು ಬಿಟ್ಟ ಮಡಿಕೆ ಒಂದೂ ಸರಿಹೋಗಿಲ್ಲ.

ಹಂತ 6: ಪದರಗಳನ್ನು ಹೊಲಿಯುವುದು, ಮತ್ತು ಯಾವ ಕಡೆಯಿಂದ

ಕೌದಿ ಹೊಲಿಯುವ ಎರಡು ಕ್ರಮಗಳಿವೆ, ಎರಡೂ ಸರಿಯಾದವೇ. ಒಂದರ ಆರಂಭವನ್ನು ಇನ್ನೊಂದರ ಮೇಲ್ಪದರಕ್ಕೆ ಬೆರೆಸಿದಾಗ ನಡು ಉಬ್ಬುತ್ತದೆ.

ಅಜ್ಜಿಯರ ಕ್ರಮದಲ್ಲಿ ಮೇಲ್ಪದರ ಮೊದಲೇ ಸಿದ್ಧವಾಗಿರುವುದಿಲ್ಲ. ತಳದ ಬಟ್ಟೆಯ ಒಂದು ಮೂಲೆಯಿಂದ ಹಿಡಿದು ಒಂದೊಂದೇ ತುಂಡನ್ನು ಇಟ್ಟು, ಅಂಚನ್ನು ಒಳಕ್ಕೆ ಮಡಚಿ, ಎಳೆಹೊಲಿಗೆ (ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ನೇರ ಸಾಗುವ ಸಾದಾ ಕೈಹೊಲಿಗೆ) ಹಾಕುತ್ತ ಸುತ್ತು ಬರುತ್ತಾರೆ. ಸುತ್ತುಗಳು ಕಿರಿದಾಗುತ್ತ ಕೊನೆಯ ತುಂಡು ನಡುವಿಗೆ ಬೀಳುತ್ತದೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಯೂ ಮೂಲೆಯಿಂದ ಆರಂಭವಾಗಿ ಹೀಗೆಯೇ ಒಳಕ್ಕೆ ಸಾಗುತ್ತದೆ. ಇಲ್ಲಿ ತುಂಡುಗಳು ಬಿಡಿಯಾಗಿರುವುದರಿಂದ ಬಟ್ಟೆ ಸ್ವಲ್ಪ ಜರುಗಿದರೂ ಮುಂದಿನ ತುಂಡನ್ನು ಅಷ್ಟು ಒಳಕ್ಕೆ ಮಡಚಿ ಸರಿದೂಗಿಸಬಹುದು.

ಚೌಕಗಳನ್ನು ಮೊದಲೇ ಜೋಡಿಸಿದ ಮೇಲ್ಪದರದಲ್ಲಿ ಆ ಅನುಕೂಲವಿಲ್ಲ. ಅಂಚಿನಿಂದ ಒಳಕ್ಕೆ ಹೊಲಿದರೆ ಪ್ರತಿ ಗೆರೆಯೂ ಬಟ್ಟೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ, ನಾಲ್ಕೂ ಕಡೆಯಿಂದ ತಳ್ಳಿಸಿಕೊಂಡ ಬಟ್ಟೆ ನಡುವೆ ಸೇರಿ ಹೊರಹೋಗಲು ದಾರಿಯಿಲ್ಲದೆ ಉಬ್ಬುತ್ತದೆ. ಹಾಗಾಗಿ ಜೋಡಿಸಿದ ಮೇಲ್ಪದರಕ್ಕೆ ನಡುವಿನಿಂದ ಹೊರಕ್ಕೆ ಹೊಲಿಯಬೇಕು. ಮೊದಲ ಗೆರೆ ಅಗಲದ ಮಧ್ಯದಲ್ಲಿ, ಎರಡನೆಯದು ಉದ್ದದ ಮಧ್ಯದಲ್ಲಿ, ಆಮೇಲೆ ಬಲಕ್ಕೊಂದು ಎಡಕ್ಕೊಂದು.

ಕೈಹೊಲಿಗೆಯವರು ಮೊಣಕೈಯಿಂದ ಬೆರಳ ತುದಿಯಷ್ಟೇ ದಾರ ತೆಗೆದುಕೊಳ್ಳಬೇಕು. ಉದ್ದ ದಾರ ಗಂಟಾಗುತ್ತದೆ, ಪದೇ ಪದೇ ಬಟ್ಟೆಯೊಳಗೆ ಎಳೆಸಿಕೊಂಡು ಸವೆಯುತ್ತದೆ. ಅಂಗುಲಕ್ಕೆ 4ರಿಂದ 5 ಹೊಲಿಗೆ, ಗೆರೆಗಳ ನಡುವೆ ಒಂದರಿಂದ ಒಂದೂವರೆ ಅಂಗುಲ ಅಂತರ ಸಾಕು. ಆರಂಭದ ಗಂಟನ್ನು ಮೇಲ್ಪದರದೊಳಗೆ ಚಿಟಕ್ ಎನ್ನುವಂತೆ ಎಳೆದು ಹುದುಗಿಸಬೇಕು. ಹಿಂಬದಿಯಲ್ಲಿ ಹೊಲಿಗೆಗಳು ಒಂದು ಬಿಟ್ಟು ಒಂದು ಕಾಣದಾದರೆ ಸೂಜಿ ಓರೆಯಾಗಿ ಇಳಿಯುತ್ತಿದೆ ಎಂದರ್ಥ.

ಯಂತ್ರದಲ್ಲಿ ಹೊಲಿಯುವವರು 16 ನಂಬರಿನ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು 3ರಿಂದ 3.5 ಮಿಲಿಮೀಟರಿಗೆ ಏರಿಸಿ, ಬಟ್ಟೆ ಒತ್ತುವ ಕಾಲಿನ ಒತ್ತಡವನ್ನು ಮೇಲಿನ ತಿರುಪಿನಿಂದ ಸ್ವಲ್ಪ ಸಡಿಲಿಸಬೇಕು. ಸಾಮಾನ್ಯ ಯಂತ್ರದ ಹಲ್ಲುಗಳು ಕೆಳಗಿನ ಪದರವನ್ನಷ್ಟೇ ಹಿಂದಕ್ಕೆ ಎಳೆಯುತ್ತವೆ, ಮೇಲಿನದು ಕಾಲಿನ ಅಡಿಯಲ್ಲಿ ತಡೆದು ನಿಲ್ಲುತ್ತದೆ. ಮೇಲಿನ ಪದರವನ್ನೂ ಜೊತೆಗೇ ನಡೆಸುವ ವಾಕಿಂಗ್ ಫುಟ್ ಎಂಬ ಕಾಲು ಸಿಗುತ್ತದೆ. ಕೌದಿಗೆಂದು ಒಂದೇ ಒಂದು ಹೊಸ ಸಲಕರಣೆ ಕೊಳ್ಳುವುದಾದರೆ ನಾನು ಅದನ್ನೇ ಕೊಳ್ಳಿರೆಂದು ಹೇಳುತ್ತೇನೆ. ಕೊಳ್ಳುವ ಮುನ್ನ ನಿಮ್ಮ ಯಂತ್ರದ ಈಗಿನ ಕಾಲನ್ನು ಬಿಚ್ಚಿಕೊಂಡು ಅಂಗಡಿಗೆ ಒಯ್ಯುವುದು ಒಳ್ಳೆಯದು. ಕೌದಿಯ ಭಾರ ಮೇಜಿನಿಂದ ಕೆಳಕ್ಕೆ ಜೋತುಬೀಳಬಾರದು. ಜೋತುಬಿದ್ದ ಭಾರ ಸೂಜಿಯನ್ನು ಬಗ್ಗಿಸುತ್ತದೆ, ಬಗ್ಗಿದ ಸೂಜಿ ಕೆಳಗಿನ ತಗಡಿಗೆ ಬಡಿದು ಮುರಿಯುತ್ತದೆ. ಎಡಕ್ಕೆ ಒಂದು ಕುರ್ಚಿಯನ್ನೋ ಸ್ಟೂಲನ್ನೋ ಮೇಜಿನ ಎತ್ತರಕ್ಕೆ ಹೊಂದಿಸಿ ಇಟ್ಟುಕೊಳ್ಳಬೇಕು.

ಯಂತ್ರ ಕೊಡುವ ಸೂಚನೆಗಳು: ಹಿಂಬದಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಬಂದರೆ ಬಾಬಿನ್ನನ್ನು (ಕೆಳಗಿನ ದಾರದ ಉರುಳೆಯನ್ನು) ದೂರುವ ಮೊದಲು ಮೇಲಿನ ದಾರವನ್ನು ಪೂರ್ತಿ ತೆಗೆದು, ಬಟ್ಟೆ ಒತ್ತುವ ಕಾಲನ್ನು ಎತ್ತಿಟ್ಟುಕೊಂಡು ಮತ್ತೆ ಪೋಣಿಸಬೇಕು. ಬಾಬಿನ್ ದಾರ ಮೇಲೆ ಚುಕ್ಕೆಯಾಗಿ ಕಂಡರೆ ಮೇಲಿನ ದಾರದ ಟೆನ್ಷನ್, ಅಂದರೆ ಬಿಗಿ, ಹೆಚ್ಚಾಗಿದೆ. ಸೂಜಿ ಇಳಿಯುವಾಗ ಟಪ್ ಟಪ್ ಎಂದು ಸದ್ದು ಬಂದರೆ ಸೂಜಿ ಮೊಂಡಾಗಿದೆ. ಹಳೆಯ ಸೀರೆಗಳು ನಾರುದೂಳು ಬಹಳ ಉದುರಿಸುವುದರಿಂದ ಪ್ರತಿ ಎರಡು ಬಾಬಿನ್ನಿಗೊಮ್ಮೆ ಒಳಗಿನ ಧೂಳನ್ನು ಬ್ರಷ್ಷಿನಿಂದ ತೆಗೆಯಬೇಕು. ಎಣ್ಣೆ ಬಿಟ್ಟ ಮೇಲೆ ಒಂದು ಚಿಂದಿಯ ಮೇಲೆ ನಾಲ್ಕು ಗೆರೆ ಓಡಿಸದೆ ಕೌದಿಯನ್ನು ಒಳಗಿಡಬಾರದು.

ಆಗಲೇ ಉಬ್ಬಿರುವ ಕೌದಿಗೆ: ಉಬ್ಬಿನಿಂದ ಹತ್ತಿರದ ಅಂಚಿನವರೆಗಿನ ಹೊಲಿಗೆಗಳನ್ನು ಬಿಚ್ಚಿ, ಬಟ್ಟೆಯನ್ನು ಆ ಅಂಚಿನತ್ತ ಸವರಿ, ಹೊಸದಾಗಿ ಕಚ್ಚಾ ಹೊಲಿಗೆ ಹಾಕಿ, ಒಳಗಿನಿಂದ ಹೊರಕ್ಕೆ ಹೊಲಿಯಬೇಕು. ಉಬ್ಬು ಚಿಕ್ಕದಿದ್ದರೆ ಆ ಜಾಗದಲ್ಲಿ ಒತ್ತೊತ್ತಾಗಿ ಎಳೆಹೊಲಿಗೆ ಹಾಕಿದರೆ ಸಾಕು, ಒಗೆದಾಗ ಕಾಣುವುದಿಲ್ಲ. ಇಸ್ತ್ರಿ ಒತ್ತಿ ಕೂರಿಸಿದ ಉಬ್ಬು ಮೊದಲ ಒಗೆತಕ್ಕೆ ಮತ್ತೆ ಏಳುತ್ತದೆ.

ಹಂತ 7: ಅಂಚುಪಟ್ಟಿ

ಹೊಲಿಗೆ ಮುಗಿದ ಮೇಲೆಯೇ ನಾಲ್ಕೂ ಬದಿಯನ್ನು ಸ್ಕೇಲು ಇಟ್ಟು ನೇರವಾಗಿ ಕತ್ತರಿಸಬೇಕು. ಕತ್ತರಿಸಿದ ಅಂಚನ್ನು ಮುಚ್ಚುವ ಪಟ್ಟಿ 2.5 ಅಂಗುಲ ಅಗಲವಿರಲಿ. ಸುತ್ತಳತೆ 300 ಅಂಗುಲ, ಮೂಲೆ ಮತ್ತು ಸೇರಿಕೆಗೆ 12 ಸೇರಿಸಿದರೆ 312. ಸೀರೆಯ ಅಗಲದಿಂದ ತೆಗೆದ 8 ಪಟ್ಟಿಗಳು ಬೇಕಾಗುತ್ತವೆ. ನೇರ ಅಂಚಿಗೆ, ಎಳೆಗೆ ಓರೆಯಾಗಿ ಕತ್ತರಿಸಿದ ಪಟ್ಟಿಯ ಅಗತ್ಯವಿಲ್ಲ. ಪಟ್ಟಿಗಳನ್ನು ಓರೆ ಹೊಲಿಗೆಯಿಂದ ಒಂದಾಗಿ ಜೋಡಿಸಿ, ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ, ಮೇಲ್ಬದಿಗೆ ಕಾಲು ಅಂಗುಲಕ್ಕೆ ಹೊಲಿಯಬೇಕು.

ಮೂಲೆಗೆ ಕಾಲು ಅಂಗುಲ ಇರುವಾಗಲೇ ನಿಲ್ಲಿಸಿ, ದಾರ ಕಟ್ಟಿ, ಪಟ್ಟಿಯನ್ನು ಮೊದಲು ನೇರ ಮೇಲಕ್ಕೆ, ಆಮೇಲೆ ಅದರ ಮೇಲೆಯೇ ಕೆಳಕ್ಕೆ ಮಡಚಿ ಮುಂದಿನ ಬದಿಯನ್ನು ಅಂಚಿನಿಂದಲೇ ಆರಂಭಿಸಬೇಕು. ಆ ಕಾಲು ಅಂಗುಲ ಬಿಡದೆ ಹೊಲಿದರೆ ಮೂಲೆ ತಿರುಚಿಕೊಳ್ಳುತ್ತದೆ. ಹೊಲಿಯುವಾಗ ಪಟ್ಟಿಯನ್ನು ಎಳೆಯಬಾರದು, ಎಳೆದರೆ ಕೌದಿಯ ಅಂಚು ಬಟ್ಟಲಿನಂತೆ ಒಳಕ್ಕೆ ಬಾಗುತ್ತದೆ. ಹಿಂಬದಿಗೆ ಮಗುಚಿದ ಪಟ್ಟಿಯನ್ನು ನಾನು ಕೈಯಿಂದಲೇ ಹೊಲಿಯುತ್ತೇನೆ. 60×90ಕ್ಕೆ ಎರಡು ಮೂರು ಸಂಜೆ ಹಿಡಿಯುತ್ತದೆ.

ಹಂತ 8: ಮೊದಲ ಒಗೆತ

ಕಚ್ಚಾ ಹೊಲಿಗೆಯ ದಾರಗಳನ್ನೂ ಪಿನ್ನುಗಳನ್ನೂ ಎಣಿಸಿ ತೆಗೆದ ಮೇಲೆ ತಣ್ಣೀರಿನಲ್ಲಿ, ಕಡಿಮೆ ಸೋಪಿನಲ್ಲಿ ಒಗೆಯಬೇಕು. ಹಾಕಿದ ಪಿನ್ನುಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಮಗುವಿನ ಕೌದಿಗಂತೂ ಚೀಟಿಯಿಲ್ಲದೆ ನಾನು ಪಿನ್ನಿನ ಡಬ್ಬಿಯನ್ನೇ ತೆರೆಯುವುದಿಲ್ಲ. ಒದ್ದೆ ಕೌದಿಯನ್ನು ಒಂದೇ ತಂತಿಗೆ ಜೋತುಹಾಕಿದರೆ ಭಾರವೆಲ್ಲ ಒಂದು ಗೆರೆಯ ಮೇಲೆ ಬಿದ್ದು ಹೊಲಿಗೆ ಕಿತ್ತುಕೊಳ್ಳುತ್ತದೆ. ಪಕ್ಕಪಕ್ಕದ ಎರಡು ಮೂರು ತಂತಿಗಳ ಮೇಲೆ ಹರಡಿ, ಮೇಲ್ಬದಿಯನ್ನು ಒಳಗಾಗಿಸಿ, ನೆರಳಿನಲ್ಲಿ ಒಣಗಿಸಬೇಕು. ಸಂಜೆ ಒಳಗೆ ತಂದ ಕೂಡಲೇ ನಡುವಿನ ಪದರವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ತಣ್ಣಗಿದ್ದರೆ ಒಳಗಿನ ಸೀರೆ ಇನ್ನೂ ಒಣಗಿಲ್ಲ, ಮರುದಿನವೂ ಹಾಕಬೇಕು.